ಬಿಚ್ಚಿ ನೋಡು

ಮಾಚೇನಹಳ್ಳಿಯ ಶೆಡ್ಡಿನಲ್ಲಿ ನನ್ನ ಕೆಲಸ ಇಷ್ಟೇ:
ಗೋಡೆಗಳಿಗೆ ನಂಬರು ಹಾಕುವುದು.
ಒಂದು ಡಬ್ಬಿ ಹಳದಿ ಬಣ್ಣ, ಅರ್ಧ ಇಂಚಿನ ಬ್ರಷ್ಷು,
ಪೂ-೧, ಪೂ-೨, ಉ-೩,
ಕಿಟಕಿ ಇರುವುದಕ್ಕೆ ಪಕ್ಕದಲ್ಲೊಂದು ಸೊನ್ನೆ.
ಭತ್ತದ ಹೊಟ್ಟು ಒತ್ತಿ ಮಾಡಿದ ಹಲಗೆ, ಸುತ್ತ ಉಕ್ಕಿನ ಚೌಕಟ್ಟು,
ಮೂಲೆಗೊಂದರಂತೆ ನಾಲ್ಕು ಬೋಲ್ಟು.
ಇಬ್ಬರು ಎತ್ತಬಹುದು.
ಮೂರನೆಯವರು ಬೈಯಬಹುದು.

ಸುಹಾಸಿನಿ ಮೇಡಂ ಬಂದವರಿಗೆಲ್ಲ ಲೆಕ್ಕ ಒಪ್ಪಿಸುತ್ತಾರೆ:
ತುಂಗೆಯ ಮರಳು ಒಂದು ಬುಟ್ಟಿಯೂ ಬೇಡ,
ಗುಡ್ಡ ಕಡಿಯುವುದು ಬೇಡ, ಕ್ಯೂರಿಂಗಿಗೆ ನೀರು ಬೇಡ,
ಒಂಬತ್ತು ದಿನ ಸಾಕು.
ನೋಡಲು ಬಂದ ಮೇಸ್ತ್ರಿ ಜಕ್ಕಪ್ಪ
ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿದ, ಕಿವಿಗೊಟ್ಟ,
ಕಲ್ಲಂಗಡಿ ಕೊಳ್ಳುವವನ ಹಾಗೆ.
"ಟೊಳ್ಳಿಲ್ಲ" ಅಂದ, ಸ್ವಲ್ಪ ಬೇಜಾರಿನಿಂದಲೇ.
"ಆದ್ರೂ ಮನೆ ಕಟ್ಟಿ ನೋಡು ಅಂದಿದಾರೆ ಹಿರಿಯರು.
ಜೋಡ್ಸಿ ನೋಡು ಅಂದಿಲ್ಲ."

ಬ್ರಷ್ಷು ಅದ್ದಿದೆ. ಮಾತಾಡಲಿಲ್ಲ.
ನಮ್ಮ ಹಿರಿಯರಿಗೆ ಗಾದೆ ಹೇಳುವ ಪುರುಸೊತ್ತು ಇರಲಿಲ್ಲ, ಜಕ್ಕಪ್ಪಣ್ಣ.
ಶರಾವತಿಗೆ ಕಟ್ಟೆ ಬಿತ್ತು, ನೀರು ಬರುತ್ತದೆ ಎಂದು ಸಾರಿ ಹೋದ ಮೇಲೆ
ನನ್ನಜ್ಜ ತೀರ್ಥನಾಯ್ಕ ಒಲೆಯಿಂದ ಇದ್ದಿಲು ತೆಗೆದು
ತೊಲೆ ತೊಲೆಗೂ ಗುರುತು ಬರೆದನಂತೆ.
ಅಂಕಿ ಬರುತ್ತಿತ್ತು, ಅಕ್ಷರ ಇಲ್ಲ.
ಪೂರ್ವಕ್ಕೆ ಒಂದು ಸೂರ್ಯ,
ಪಶ್ಚಿಮ ಕೊಟ್ಟಿಗೆಯ ಕಡೆಯಲ್ಲವೇ, ಅದಕ್ಕೆ ಎರಡು ಕೊಂಬು.
ಬಾಗಿಲು ದೋಣಿಯಲ್ಲಿ ದಾಟಿತು,
ಹೊಸಿಲು ಅಜ್ಜಿಯ ತೊಡೆಯ ಮೇಲೆ.
ಕೊಂಬು ಏಳು ಮಾತ್ರ ತೆಪ್ಪದಿಂದ ಜಾರಿ ಹೊಳೆಯ ಪಾಲಾಯಿತು.
ಆಯನೂರಿನ ಹತ್ತಿರ ಮತ್ತೆ ನಿಂತಾಗ
ಆ ಒಂದು ಜಾಗಕ್ಕೆ ಹೊನ್ನೆಯ ಬದಲು ಬಗನಿ ಬಂತು.
ಅಂಗಾತ ಮಲಗಿದರೆ ಮೊದಲು ಕಾಣುತ್ತಿದ್ದುದು ಅದೇ.
ಕಾಗದದಲ್ಲಿ ಪುನರ್ವಸತಿ ಎಂದು ಬರೆದಿದ್ದರು.
ಅಜ್ಜಿ ಮಾತ್ರ "ಮನೆ ಬಂತು" ಅನ್ನುತ್ತಿದ್ದಳು,
ನೆಂಟರು ಬಂದರು ಅಂದ ಹಾಗೆ.

ಮನೆ ಬಿಚ್ಚಿ ನೋಡು ಅಂತ
ಯಾರೂ ಒಂದು ಗಾದೆ ಕಟ್ಟಲಿಲ್ಲ.

ಈ ಸಲದ್ದು ಹೊಸನಗರದಾಚೆಗೆ.
ಆಸ್ಪತ್ರೆಯ ನರ್ಸು ಫಿಲೋಮಿನಾ ಬಾಯಿಗೆ
ಎರಡು ಕೋಣೆ, ಒಂದು ಜಗಲಿ.
ಮೂರು ವರ್ಷ ಔಷಧಿ ಪೆಟ್ಟಿಗೆಗಳ ನಡುವೆ ಮಲಗಿದವಳು,
ಫೋನಿನಲ್ಲಿ ಕೇಳಿದ್ದು ಒಂದೇ:
"ಮೊಳೆ ಹೊಡೀಬಹುದಾ? ಒಂದು ಕ್ಯಾಲೆಂಡರು, ಒಂದು ಮೇರಿಯಮ್ಮ."
ಹೊಡಿ ತಾಯಿ.
ಹೊಡೆಯುವ ಕಡೆ ನಾನೇ ಚುಕ್ಕಿ ಇಟ್ಟಿದ್ದೇನೆ.

ರಿಪ್ಪನ್‌ಪೇಟೆ ದಾಟಿ ದಸ್ತಗೀರ್ ಫೋನು ಮಾಡಿದ:
ತಿರುವಿನಲ್ಲಿ ಕೊಂಬೆ ತಾಗಿ ಒಂದು ಹಲಗೆಯ ಮೂಲೆ ನಜ್ಜಾಗಿದೆ.
ಪ-೭ ಅಂದಿದ್ದರೆ ಕಥೆ ಚೆನ್ನಾಗಿರುತ್ತಿತ್ತು.
ಆಗಿದ್ದು ಉ-೩.
ಸಂಜೆಯೊಳಗೆ ಇನ್ನೊಂದು ಉ-೩ ಒತ್ತಿದೆವು,
ಹಳೆಯದು ವಾಪಸು ಬಂದು ಪುಡಿಯಾಗಿ
ಮತ್ತೆ ಯಂತ್ರದ ಬಾಯಿಗೆ ಬಿತ್ತು.
ಹೊಳೆಗೆ ಕೊಟ್ಟಿದ್ದನ್ನು ಹೀಗೆ ಕೇಳಿ ಪಡೆಯಲು ಬರುತ್ತಿರಲಿಲ್ಲ.

ಮೇಲೆ ಬಣ್ಣ ಬಿದ್ದರೆ ನನ್ನ ಬರಹ ಮುಚ್ಚಿ ಹೋಗುತ್ತದೆ.
ಹೋಗಲಿ.
ಎಂದೋ ಒಂದು ದಿನ ಯಾರೋ ಸ್ಪ್ಯಾನರು ಹಿಡಿದು ಬರುತ್ತಾರೆ,
ರಸ್ತೆ ಅಗಲವಾಗಬೇಕೆಂದೋ, ನೀರೆಂದೋ,
ಬರೀ ನರ್ಸಮ್ಮನಿಗೆ ವರ್ಗವಾಯಿತೆಂದೋ.
ಬಣ್ಣ ಕೆರೆದಾಗ
ಯಾವುದು ಯಾವ ದಿಕ್ಕಿನದೆಂದು ತಿಳಿಯಬೇಕಲ್ಲ.

ಅದಕ್ಕೇ, ಮೇಡಂ ಊಟಕ್ಕೆ ಹೋದ ಹೊತ್ತು ನೋಡಿ
ಪಶ್ಚಿಮದ ಹಲಗೆಗಳ ಬೆನ್ನಿಗೆ
ನಂಬರಿನ ಕೆಳಗೆ ಎರಡು ಕೊಂಬು ಎಳೆಯುತ್ತೇನೆ.
ಆ ಮನೆಗೆ ಕೊಟ್ಟಿಗೆಯೇ ಇಲ್ಲ.
ಇರಲಿ.